ಸಿಪಾಯಿಗಳ ಕಾಲ್ಚೆಂಡು

ಸಿಮ್ಲೆಯ ಸೀಮೆಯಲ್ಲಿ 1888ರಲ್ಲಿ ಮೊದಲಾದ ಡ್ಯುರಾಂಡ್ ಕಪ್ ಆಗ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿದ್ದಿತು. ಸ್ವಾತಂತ್ರ್ಯಾನಂತರ ಭಾರತದ ಸಿಪಾಯಿಗಳೂ ಅದನ್ನು ಗೆದ್ದರು. ಕನ್ನಡಿಗ ಯೋಧರಿಗೂ ತವರಾದ ಮದ್ರಾಸ್ ರೆಜಿಮೆಂಟಿನ ವೆಲಿಂಗ್ಟನ್ ಕೇಂದ್ರದ ತಂಡ 1955 ಮತ್ತು 1958ರಲ್ಲಿ, ಗೂರ್ಖಾ ಬ್ರಿಗೇಡ್ 1966 ಮತ್ತು 1969ರಲ್ಲಿ ವಿಜಯ ಸಾಧಿಸಿದವು.

ಆದರೆ ಸೈನ್ಯದ ತಂಡಕ್ಕೊಂದು ತೊಡಕುಂಟು. ದೊಡ್ಡ ಕ್ಲಬ್ಬು ಹಣ ತೆತ್ತು ಬೇಕಾದ ಆಟಗಾರನನ್ನು ಕರೆತರಬಲ್ಲುದು. ಇಲ್ಲಿ ಆಡಬೇಕಾದವನು ಮೊದಲು ಸಿಪಾಯಿಯಾಗಬೇಕು. ಗೂರ್ಖಾ ಬ್ರಿಗೇಡಿನಲ್ಲಿ ಬೆಳಗಿದ ಶ್ಯಾಮ್ ಥಾಪಾ ಅವರಿಗೂ ದೊಡ್ಡ ಕೀರ್ತಿ ಬಂದುದು ಕಲ್ಕತ್ತೆಯ ಕ್ಲಬ್ಬುಗಳಲ್ಲಿಯೇ. ಆದುದರಿಂದ 2016ರಲ್ಲಿ ಆರ್ಮಿ ಗ್ರೀನ್ ತಂಡ ಮಣಿಪುರದ ನೆರೋಕಾವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಕಪ್ ಪಡೆದುದು ಸಾಮಾನ್ಯ ಸಾಧನೆಯಲ್ಲ.

ಮುಂದಿನ ದಾರಿ ಯಾವುದು? ಕೊಳ್ಳಲಾಗದ ಆಟಗಾರನನ್ನು ಬೆಳೆಸಿಕೊಳ್ಳಬೇಕು. ಶಾಲೆಯ ಪಾಠದೊಡನೆ ಆಟವನ್ನೂ ಕಲಿಸುವ ಬಾಲಕರ ಕ್ರೀಡಾ ಕಂಪನಿಗಳು ಸೈನ್ಯದ ಹಲವು ಕೇಂದ್ರಗಳಲ್ಲಿವೆ. ಕಾಲ್ಚೆಂಡಿಗೆ ಅಲ್ಲಿ ಹೆಚ್ಚಿನ ಆಸರೆ ದೊರೆಯಬೇಕು. ಮೂವತ್ತೈದು ದಾಟುವ ಹೊತ್ತಿಗೆ ಕಾಲಿನ ಕಸುವು ಕುಂದುತ್ತದೆ. ಕ್ಲಬ್ಬಿನ ಕರಾರೂ ಮುಗಿಯುತ್ತದೆ. 2022ಕ್ಕೆ ಮೊದಲು ಸೈನ್ಯ ಸೇರಿದ ಸಿಪಾಯಿಗಾದರೋ ಆಟ ಮುಗಿದರೂ ನೌಕರಿ ಉಳಿಯುತ್ತಿತ್ತು. ಮಗನನ್ನು ಮೈದಾನಕ್ಕೆ ಕಳುಹಿಸಲು ಅಂಜುತ್ತಿದ್ದ ತಂದೆತಾಯಿಗಳಿಗೆ ಆ ಭರವಸೆಯನ್ನು ಯಾವ ಕ್ಲಬ್ಬು ಕೊಡುತ್ತಿತ್ತು?