ಕೂರಲೊಂದು ಮಣೆ

ಮನೆಗೆ ಬಂದವರೊಡನೆ ನಾವು ಮೊದಲು ಆಡುವ ಮಾತು ಯಾವುದು? ‘ಬನ್ನಿ, ಕೂತುಕೊಳ್ಳಿ’ ಎಂಬುದಲ್ಲವೆ? ಯೋಗಕ್ಷೇಮದ ಮಾತು, ಊಟದ ಮಾತು ಆಮೇಲಿನವು. ಬಂದವನು ಸಾಲ ಕೇಳಲು ಬಂದಿರಲಿ, ಕೊಟ್ಟ ಸಾಲವನ್ನು ವಸೂಲು ಮಾಡಲು ಬಂದಿರಲಿ, ಜಗಲಿಯ ಮೇಲೆ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು, ಅನಂತರ ವಿಷಯಕ್ಕೆ ಬರುವುದು ನಮ್ಮಲ್ಲಿಯ ರೂಢಿ. ಬಂದವನನ್ನು ನಿಲ್ಲಿಸಿಯೇ ಮಾತನಾಡಿಸಿ ಕಳುಹಿಸಿದರೆ ಅದು ಅವಮಾನವೆಂದೇ ಲೆಕ್ಕ.

ಈ ರೂಢಿಯು ಇಂದಿಗೂ ವೈಭವದಿಂದ ನಡೆದುಬರುತ್ತಿರುವ ಸ್ಥಳವೆಂದರೆ ಸೀರೆಯ ಅಂಗಡಿ. ಬೆಂಗಳೂರಿನ ಚಿಕ್ಕಪೇಟೆಯೇ ಆಗಲಿ, ದಾವಣಗೆರೆ ಹುಬ್ಬಳ್ಳಿಗಳ ಪೇಟೆಯೇ ಆಗಲಿ, ಹೊಸ್ತಿಲು ದಾಟಿದೊಡನೆ ನಿಮ್ಮನ್ನು ಕುಳ್ಳಿರಿಸುತ್ತಾರೆ. ಮದುವೆಯ ಜವಳಿ ಎಂದು ತಿಳಿದರೆ ಕಾಫಿಯೂ ಬರುತ್ತದೆ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತಾರೆ. ನಿಮ್ಮ ಜೊತೆಯಲ್ಲಿ ಬಂದು ಸೀರೆಯ ವಿಷಯದಲ್ಲಿ ಯಾವ ಅಭಿಪ್ರಾಯವನ್ನೂ ಇಟ್ಟುಕೊಳ್ಳದ ನಿಮ್ಮ ಭಾವಮೈದುನನೂ ಕುಳಿತಿರುತ್ತಾನೆ. ನಿಂತಿರುವವಳು ಒಬ್ಬಳೇ: ಕಪಾಟಿನಿಂದ ಒಂದೊಂದಾಗಿ ನಲವತ್ತು ಸೀರೆಗಳನ್ನು ತೆಗೆದು, ಬಿಡಿಸಿ, ಸೆರಗು ತೋರಿಸಿ, ನಾವು ಮೊದಲನೆಯದನ್ನೇ ಆರಿಸಿಕೊಂಡು ಹೊರಟ ಮೇಲೆ ಉಳಿದ ಮೂವತ್ತೊಂಬತ್ತನ್ನೂ ಮಡಿಸಿಡುವ ಹುಡುಗಿ.

ಇಂತಹ ಹುಡುಗಿಯರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎ. ತರಗತಿಯಲ್ಲಿ ಹಳಗನ್ನಡದ ಪದ್ಯವನ್ನು ತಡವರಿಸದೆ ಓದುತ್ತಿದ್ದವಳು. ಕೆಲವು ತಿಂಗಳ ಹಿಂದೆ ಯಾವುದೋ ದಾಖಲೆಪತ್ರಕ್ಕಾಗಿ ಕಾಲೇಜಿಗೆ ಬಂದಿದ್ದಾಗ ಕೆಲಸದ ವಿಚಾರ ಕೇಳಿದೆ.

“ಬೆಳಗ್ಗೆ ಹತ್ತಕ್ಕೆ ನಿಂತ್ರೆ ರಾತ್ರಿ ಎಂಟೂವರೆ ಸಾರ್. ಮಧ್ಯದಲ್ಲಿ ಊಟಕ್ಕೆ ಅರ್ಧ ಗಂಟೆ.”

“ಗಿರಾಕಿಗಳಿಲ್ಲದ ಹೊತ್ತಿನಲ್ಲಾದರೂ ಕೂರಬಹುದಲ್ಲಮ್ಮ?”

“ಕ್ಯಾಮೆರಾ ಇದೆಯಲ್ಲ ಸಾರ್. ಗೋಡೆಗೆ ಒರಗಿದ್ರೂ ಕೆಳಗಿಂದ ಫೋನ್ ಬರುತ್ತೆ. ಮನೆಗೆ ಹೋಗಿ ಚಪ್ಪಲಿ ಬಿಚ್ಚಿದ್ರೆ ಪಟ್ಟಿಯ ಗುರುತು ಬೆಳಗ್ಗೆವರೆಗೂ ಪಾದದ ಮೇಲೆ ಹಾಗೇ ಇರುತ್ತೆ.”

ಸ್ವಲ್ಪ ತಡೆದು, ಹೇಳಲೋ ಬೇಡವೋ ಎಂಬಂತೆ ಇನ್ನೊಂದು ಮಾತು ಸೇರಿಸಿದಳು. ಅವಳ ಅಂಗಡಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಪಕ್ಕದ ಕಟ್ಟಡದ ಎರಡನೆಯ ಮಹಡಿಗೆ ಹೋಗಬೇಕು. ಹೋಗುವ ಮುನ್ನ ಮೇಲ್ವಿಚಾರಕನನ್ನು ಕೇಳಬೇಕು. ದಿನಕ್ಕೆ ಮೂರು ಸಲ ಆ ಗಂಡಸಿನ ಮುಂದೆ ನಿಂತು ಕೇಳುವ ಸಂಕಟಕ್ಕಿಂತ ನೀರು ಕುಡಿಯದಿರುವುದೇ ವಾಸಿ ಎಂದು ತೀರ್ಮಾನಿಸಿಕೊಂಡಿದ್ದಾಳೆ. ವರ್ಷದಲ್ಲಿ ಎರಡು ಸಲ ಉರಿಮೂತ್ರವಾಗಿ ಜ್ವರ ಬಂದಿತ್ತಂತೆ. “ಡಾಕ್ಟ್ರು ನೀರು ಚೆನ್ನಾಗಿ ಕುಡೀಮ್ಮ ಅಂತಾರೆ ಸಾರ್. ಕುಡಿದು ಎಲ್ಲಿಗೆ ಹೋಗ್ಲಿ ಅಂತ ಅವರನ್ನ ಕೇಳೋಕಾಗುತ್ತಾ?” ಎಂದಳು.

ಅಧ್ಯಾಪಕನೂ ನಿಂತೇ ದುಡಿಯುವವನು, ನಿಜ. ಆದರೆ ನನ್ನ ಗಂಟೆ ಐವತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಮತ್ತು ನನ್ನ ಬೆನ್ನ ಹಿಂದೆ ಒಂದು ಕುರ್ಚಿಯಿದೆ. ನಾನು ಕೂರದೆ ನಿಂತರೆ ಅದು ನನ್ನ ಉತ್ಸಾಹ. ಅವಳು ಕೂರದೆ ನಿಂತರೆ ಅದು ಅಪ್ಪಣೆ.

ನಿಂತಲ್ಲೇ ನಿಂತಿರುವುದರಿಂದ ದೇಹಕ್ಕೆ ಏನಾಗುತ್ತದೆಂಬುದು ಗುಟ್ಟಿನ ವಿಷಯವೇನೂ ಅಲ್ಲ. ಹೃದಯವು ಕಾಲಿಗೆ ಇಳಿಸಿದ ರಕ್ತ ಮತ್ತೆ ಮೇಲೇರಬೇಕಾದರೆ ಭೂಮಿಯ ಸೆಳೆತವನ್ನು ಎದುರಿಸಬೇಕು. ಅದಕ್ಕೆ ನೆರವಾಗುವುದು ಮೀನಖಂಡದ ಸ್ನಾಯು. ನಡೆಯುವಾಗ ಅದು ಬಿಗಿದು ಸಡಿಲಿ, ಸಡಿಲಿ ಬಿಗಿದು, ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಾಳಗಳೊಳಗಿನ ಪುಟ್ಟ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಆದುದರಿಂದಲೇ ನಾಲ್ಕು ಮೈಲಿ ನಡೆದವನಿಗಿಂತ ನಾಲ್ಕು ಗಂಟೆ ಅಲುಗದೆ ನಿಂತವನ ಕಾಲು ಹೆಚ್ಚು ನೋಯುವುದುಂಟು. ನಿಂತಾಗ ಆ ಪಂಪು ಕೆಲಸ ನಿಲ್ಲಿಸುತ್ತದೆ, ರಕ್ತ ಕೆಳಗೆ ತಂಗುತ್ತದೆ, ಪಾದ ಊದುತ್ತದೆ. ವರ್ಷಗಟ್ಟಲೆ ಹೀಗಾದರೆ ಕವಾಟಗಳು ಸೋತು, ನಾಳಗಳು ಹಗ್ಗದಂತೆ ಸುರುಳಿಯಾಗಿ ಚರ್ಮದಡಿಯಲ್ಲಿ ಉಬ್ಬಿ ನಿಲ್ಲಬಹುದು. ಸೊಂಟದ ನೋವು, ಹಿಮ್ಮಡಿಯ ನೋವು ಬೇರೆ. ಮುಟ್ಟಿನ ದಿನಗಳಲ್ಲಿ ಇದೇ ನೋವು ಇಮ್ಮಡಿಯಾಗುತ್ತದೆ; ಗರ್ಭಿಣಿಯಾದಾಗ ರಕ್ತನಾಳಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಇನ್ನು ಮೂತ್ರಕೋಶದ ಮಾತು: ಹೆಂಗಸರ ಮೂತ್ರನಾಳ ಗಂಡಸರದಕ್ಕಿಂತ ಬಹಳ ಗಿಡ್ಡ, ರೋಗಾಣುಗಳಿಗೆ ದಾರಿ ಹತ್ತಿರ. ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡು ದಿನ ಕಳೆಯುವವಳಿಗೆ ಸೋಂಕು ಮರುಕಳಿಸುವುದರಲ್ಲಿ ಆಶ್ಚರ್ಯವೇನಿದೆ?

ಇಟಲಿಯ ಮೊಡೆನಾ ನಗರದಲ್ಲಿ ಬರ್ನಾರ್ಡಿನೊ ರಮಾಜ್ಜಿನಿ ಎಂಬ ವೈದ್ಯನಿದ್ದನು. ಒಂದೊಂದು ಕಸುಬಿನವರಿಗೂ ಬರುವ ರೋಗಗಳನ್ನು ಕುರಿತು ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥ 1700ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿಂತು ದುಡಿಯುವವರಿಗೆಂದೇ ಒಂದು ಅಧ್ಯಾಯವುಂಟು. ಉಬ್ಬಿದ ನರಗಳ ಪ್ರಸ್ತಾಪವೂ, ನಡುನಡುವೆ ಕುಳಿತೋ ನಡೆದಾಡಿಯೋ ನಿಲುವನ್ನು ಬದಲಿಸಬೇಕೆಂಬ ಸಲಹೆಯೂ ಅಲ್ಲಿವೆ. ರೋಗಿಯನ್ನು ‘ನಿನ್ನ ಕಸುಬೇನು’ ಎಂದು ಕೇಳುವುದನ್ನು ವೈದ್ಯರಿಗೆ ಕಲಿಸಿದವನು ಈತನೇ. ಬಡ ಕೆಲಸಗಾರನ ಮನೆಗೆ ಹೋದ ವೈದ್ಯನು ಚಿನ್ನದ ಪೀಠವನ್ನು ಬಯಸದೆ ಮೂರು ಕಾಲಿನ ಮಣೆಯ ಮೇಲೆ ಕುಳಿತು ಸಾವಧಾನವಾಗಿ ವಿಚಾರಿಸಬೇಕೆಂದೂ ಹೇಳಿದನು. ಮುನ್ನೂರು ವರ್ಷಗಳಿಗೂ ಹಿಂದೆ ತಿಳಿದಿದ್ದ ಸಂಗತಿ ಇದು. ತಿಳಿವಳಿಕೆಯ ಕೊರತೆಯಿಂದ ನಮ್ಮ ಹುಡುಗಿಯರು ನಿಂತಿಲ್ಲವೆಂಬುದಂತೂ ಸ್ಪಷ್ಟ.

ಇಂಗ್ಲೆಂಡಿನಲ್ಲಿ ಈ ವಿಷಯಕ್ಕಾಗಿಯೇ 1899ರಲ್ಲಿ ಒಂದು ಕಾಯಿದೆ ಬಂದಿತು: ಅಂಗಡಿಯಲ್ಲಿ ದುಡಿಯುವ ಪ್ರತಿ ಮೂವರು ಹೆಂಗಸರಿಗೆ ಒಂದರಂತಾದರೂ ಆಸನವಿರಬೇಕು. ಮೂವರಿಗೆ ಒಂದು! ಆಗಿನ ಕಾಲಕ್ಕೆ ಅದೇ ದೊಡ್ಡದು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯು ನಿಂತು ದುಡಿಯುವ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಏರ್ಪಾಡಿರಬೇಕೆಂದು ತನ್ನ 44ನೆಯ ಕಲಮಿನಲ್ಲಿ ವಿಧಿಸಿತ್ತು. ಆದರೆ ಅದು ಕಾರ್ಖಾನೆಯ ಮಾತು. ಜವಳಿಯ ಅಂಗಡಿ ಕಾರ್ಖಾನೆಯಲ್ಲವಷ್ಟೆ.

ಅಂಗಡಿಯ ಹೆಂಗಸರು ತಾವಾಗಿಯೇ ಇದನ್ನು ಎತ್ತಿದುದು ನಮ್ಮ ನೆರೆಯ ಕೇರಳದಲ್ಲಿ. ಕೋಳಿಕ್ಕೋಡಿನ ಮಿಠಾಯಿ ತೆರುವು ಹೆಸರಾಂತ ಪೇಟೆ. ಅಲ್ಲಿಯ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೂ ಶೌಚಾಲಯವಿರಲಿಲ್ಲ. ಅವರೂ ನೀರು ಕುಡಿಯುವುದನ್ನು ಬಿಟ್ಟಿದ್ದರು. ದರ್ಜಿಯ ಕೆಲಸ ಮಾಡುತ್ತಿದ್ದ ವಿಜಿ ಎಂಬಾಕೆ 2010ರ ಸುಮಾರಿನಲ್ಲಿ ಅವರನ್ನೆಲ್ಲ ಕೂಡಿಸಿ ‘ಪೆಣ್‌ಕೂಟ್ಟು’ ಎಂಬ ಸಂಘ ಕಟ್ಟಿದರು. ನಮ್ಮ ಪಕಾರ ಹಕಾರವಾಗುವ ನಿಯಮವನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಹೆಣ್‌ಕೂಟ. ಮೊದಲು ಶೌಚಾಲಯಕ್ಕಾಗಿ ಹೋರಾಡಿದರು, ಆಮೇಲೆ ಆಸನಕ್ಕಾಗಿ. ತ್ರಿಶೂರಿನ ಒಂದು ದೊಡ್ಡ ಜವಳಿ ಮಳಿಗೆಯಲ್ಲಿ ಸಂಘಕ್ಕೆ ಸೇರಿದ ಆರು ಮಂದಿ ಹೆಂಗಸರನ್ನು ದೂರದ ಶಾಖೆಗಳಿಗೆ ವರ್ಗ ಮಾಡಿದಾಗ, ಅವರು 2014ರ ಡಿಸೆಂಬರ್ ಕೊನೆಯಲ್ಲಿ ಮಳಿಗೆಯ ಮುಂದೆ ಕುಳಿತುಬಿಟ್ಟರು. ನೂರು ದಿನಗಳಿಗೂ ಮಿಕ್ಕಿ ಕುಳಿತರು. ಕೂರಲು ಬಿಡದವರ ಎದುರಿಗೇ ಕೂರುವ ಈ ಮುಷ್ಕರಕ್ಕೆ ಮಲೆಯಾಳದಲ್ಲಿ ‘ಇರಿಕ್ಕಲ್ ಸಮರಂ’ ಎಂದು ಹೆಸರಾಯಿತು.

ಇಲ್ಲಿ ಕನ್ನಡದ ಮೇಷ್ಟರಾದವರು ಒಂದು ಗಳಿಗೆ ನಿಂತುಕೊಳ್ಳದೆ ಮುಂದೆ ಹೋಗುವಂತಿಲ್ಲ. ಮಲೆಯಾಳದಲ್ಲಿ ‘ಇರಿಕ್ಕು’ ಎಂದರೆ ಕುಳಿತುಕೊಳ್ಳುವುದು. ತಮಿಳಿನ ‘ಇರು’ ಧಾತುವಿಗೆ ಇರುವುದೆಂಬ ಅರ್ಥವೂ ಉಂಟು, ಕೂರುವುದೆಂಬ ಅರ್ಥವೂ ಉಂಟು. ನಮ್ಮಲ್ಲಿ ‘ಇರು’ ಎಂದರೆ ಇರುವುದು ಮಾತ್ರ. ಆದರೂ ‘ಕುಳ್ಳಿರು’ ಎಂಬಲ್ಲಿ ಅದು ಕೂರುವುದರ ಜೊತೆಗೇ ಅಂಟಿಕೊಂಡಿದೆ. ನಮ್ಮ ಹಿಂದಿನವರಿಗೆ ಒಂದು ಕಡೆ ಇರುವುದೆಂದರೆ ಅಲ್ಲಿ ಕುಳಿತಿರುವುದೆಂದೇ ಭಾವನೆಯಿದ್ದಿರಬೇಕೆಂದು ನನಗೆ ತೋರುತ್ತದೆ. ಇರಲಿ, ಇದು ತರಗತಿಯ ಚಟ.

ಮುಷ್ಕರದ ಫಲ ಕೂಡಲೇ ಸಿಕ್ಕಲಿಲ್ಲ. 2018ರಲ್ಲಿ ಕೇರಳ ಸರ್ಕಾರವು ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು ತಿದ್ದಿ, ನೌಕರರಿಗೆ ಕೂರುವ ಏರ್ಪಾಡು ಕಡ್ಡಾಯವೆಂದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಅಲ್ಲಿಯ ಕಲಮು ಗಂಡಸರು ಹೆಂಗಸರೆನ್ನದೆ ಅಂಗಡಿಯ ಎಲ್ಲ ನೌಕರರಿಗೂ ಅನ್ವಯಿಸುತ್ತದೆ. ಇದು ನ್ಯಾಯವೇ, ಗಂಡಸಿನ ಕಾಲೂ ಕಾಲೇ ಅಲ್ಲವೆ? ಹೆಂಗಸರು ತಮಗಾಗಿ ಬೀದಿಯಲ್ಲಿ ಕುಳಿತು ಗಳಿಸಿದುದು ಎಲ್ಲರ ಪಾಲಿಗೂ ಬಂದಿತು. ಇಡೀ ದೇಶಕ್ಕೆ ಸಂಬಂಧಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಿಂತೇ ದುಡಿಯಬೇಕಾದ ನೌಕರರಿಗೆ ಆಸನದ ಏರ್ಪಾಡಿರಬೇಕೆಂಬ ಮಾತು ಅದರಲ್ಲಿಯೂ ಇದೆ. ಆದರೆ ಅದು ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ನಮ್ಮ ಊರುಗಳ ಬಳೆ ಅಂಗಡಿ, ಔಷಧಿ ಅಂಗಡಿ, ಸಿದ್ಧ ಉಡುಪಿನ ಅಂಗಡಿಗಳಲ್ಲಿ ನಿಂತಿರುವವರು ಮೂವರೋ ನಾಲ್ವರೋ. ಅವರನ್ನು ಈ ಲೆಕ್ಕ ಮುಟ್ಟುವುದಿಲ್ಲ.

ಕರ್ನಾಟಕ ಸರ್ಕಾರವು 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಇದನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಆದರೆ ರಜೆಯೆಂಬುದು ಕೆಲಸಕ್ಕೆ ಬಾರದ ದಿನದ ಅನುಕೂಲ. ಬಂದ ದಿನದ ಗತಿಯೇನು? ಮುಟ್ಟಿನ ಎರಡನೆಯ ದಿನ, ಮೂರನೆಯ ದಿನ ಅವಳು ಅದೇ ಕಪಾಟಿನ ಮುಂದೆ ನಿಂತಿರುತ್ತಾಳೆ. ಶೌಚಾಲಯ ಪಕ್ಕದ ಕಟ್ಟಡದಲ್ಲಿಯೇ ಇರುತ್ತದೆ. ತಿಂಗಳಿಗೊಂದು ದಿನ ವಿಶ್ರಾಂತಿ ಕೊಟ್ಟು, ಉಳಿದ ಇಪ್ಪತ್ತೈದು ದಿನ ಐದು ನಿಮಿಷ ಕೂರಲೂ ಬಿಡದಿದ್ದರೆ ಆರೋಗ್ಯದ ಮಾತು ಅರ್ಧಕ್ಕೇ ನಿಂತಂತೆ.

ಯಜಮಾನರ ಪಕ್ಷವನ್ನೂ ಕೇಳಬೇಕಲ್ಲ. ನನಗೆ ಪರಿಚಯದ ಅಂಗಡಿಕಾರರೊಬ್ಬರಿದ್ದಾರೆ. ಸಜ್ಜನರು, ಸಾಹಿತ್ಯ ಸಮ್ಮೇಳನಕ್ಕೆ ಚಂದಾ ಕೇಳಿದರೆ ಇಲ್ಲವೆನ್ನದವರು. ಅವರೊಡನೆ ಈ ಮಾತೆತ್ತಿದಾಗ, “ಮೇಷ್ಟ್ರೆ, ಗಿರಾಕಿ ಒಳಗೆ ಬಂದಾಗ ಕೆಲಸದವರು ಕೂತಿದ್ರೆ ಅವರು ಏನಂದ್ಕೊಂಡಾರು? ಮರ್ಯಾದೆ ಅಲ್ಲ ಅಂದ್ಕೊಳ್ಳೋಲ್ವೆ?” ಎಂದರು.

“ನೀವು ಬ್ಯಾಂಕಿಗೆ ಹೋದಾಗ ಅಲ್ಲಿಯ ಗುಮಾಸ್ತರು ಎದ್ದು ನಿಲ್ಲುತ್ತಾರೆಯೆ?” ಎಂದೆ.

“ಅದು ಬ್ಯಾಂಕು.”

“ನಾನು ನಿಮ್ಮ ಅಂಗಡಿಗೆ ಬಂದಾಗ ನೀವು ಎದ್ದು ನಿಲ್ಲುತ್ತೀರಾ?”

ಅವರು ನಕ್ಕರು. ನಗುವವರೊಡನೆ ವಾದ ಮುಂದುವರಿಸುವುದು ಸುಲಭ. ಗಿರಾಕಿ ಬಂದಾಗ ಎದ್ದು ಬಂದು ಸೀರೆ ತೋರಿಸಬಾರದೆಂದು ಯಾರೂ ಹೇಳುತ್ತಿಲ್ಲ; ಗಿರಾಕಿಯಿಲ್ಲದ ಹೊತ್ತಿನಲ್ಲಿ ನಿಂತು ಯಾರಿಗೆ ಗೌರವ ಸಲ್ಲಿಸುವುದು, ಕ್ಯಾಮೆರಾಕ್ಕೆಯೆ? ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪೇಟೆ ಬಿಕೋ ಎನ್ನುವುದನ್ನು ಅವರೇ ಒಪ್ಪಿಕೊಂಡರು. ಬೆನ್ನಿಗೆ ಆಸರೆಯಿರುವ ಒಂದು ಸ್ಟೂಲಿನ ಬೆಲೆ ಅವರ ಅಂಗಡಿಯ ಸಾಧಾರಣ ರೇಷ್ಮೆ ಸೀರೆಯ ಬೆಲೆಗಿಂತ ಕಡಿಮೆ ಎಂಬುದನ್ನೂ ಅಲ್ಲಗಳೆಯಲಿಲ್ಲ. ಅವರ ನಿಜವಾದ ಅಂಜಿಕೆ ಬೇರೆ ಇತ್ತು: ಒಮ್ಮೆ ಕೂತವರು ಏಳುವುದಿಲ್ಲ ಎಂಬುದು. ಅದಕ್ಕೆ ಅವರ ಪತ್ನಿಯವರೇ ಒಳಗಿನಿಂದ ಉತ್ತರ ಕೊಟ್ಟರು: “ನೀವು ಕೂತವರು ಎದ್ದಿದ್ದು ನಾನಂತೂ ನೋಡಿಲ್ಲ.”

ಈಗ ಅವರ ಅಂಗಡಿಗೆ ನಾಲ್ಕು ಸ್ಟೂಲುಗಳು ಬಂದಿವೆ. ಮೊದಲ ವಾರ ಅವುಗಳ ಮೇಲೆ ಸೀರೆಯ ಪೆಟ್ಟಿಗೆಗಳನ್ನು ಜೋಡಿಸಿದ್ದರಂತೆ. ಕೂರಲು ಯಾರಿಗೂ ಧೈರ್ಯವಾಗಲಿಲ್ಲ. ಹಿರಿಯಳಾದ ಒಬ್ಬ ಕೆಲಸದಾಕೆ ಪೆಟ್ಟಿಗೆಗಳನ್ನು ಇಳಿಸಿ ಕುಳಿತ ಮೇಲೆ ಉಳಿದವರೂ ಸರದಿಯ ಮೇಲೆ ಕೂರತೊಡಗಿದ್ದಾರೆ. ಶೌಚಾಲಯದ ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೆಟ್ಟಿಲಿನ ಕೆಳಗೆ ಜಾಗವಿದೆ, ನೀರಿನ ಕೊಳವೆಯೂ ಹತ್ತಿರದಲ್ಲಿದೆ. ಆದರೆ ಕಟ್ಟಡ ಬಾಡಿಗೆಯದು. ಅದರ ಮಾಲೀಕರು ಮುಂದಿನ ತಿಂಗಳು ಊರಿಗೆ ಬರುವವರಿದ್ದಾರಂತೆ; ಅವರೊಡನೆ ಮಾತನಾಡುವಾಗ ನೀವೂ ಜೊತೆಗಿರಿ ಮೇಷ್ಟ್ರೆ ಎಂದು ನನಗೆ ಹೇಳಿಟ್ಟಿದ್ದಾರೆ.