ಮುನ್ನೋಟವೂ ಒಂದು ವಾಗ್ದಾನವೇ

ಮಾರುವವರ ಮಾತಿಗೂ ಕಲಿಸುವವರ ಮಾತಿಗೂ ಭೇದವಿರಬೇಕೆಂಬದನ್ನು ಎಲ್ಲರೂ ಒಪ್ಪುವರು. ಆದರೆ ಶಾಲೆಯ ಮಕ್ಕಳು ತಾವೇ ಒಂದು ಕಿರುಚಿತ್ರವನ್ನು ತೆಗೆದು, ಅದನ್ನು ನೋಡಬನ್ನಿರೆಂದು ಊರನ್ನು ಕರೆಯಹೊರಟಾಗ ಈ ಭೇದವು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯು ಬಾಳೆಹೊಸೂರಿನಂಥ ಹಳ್ಳಿಗೂ ಬಂದು ಮುಟ್ಟುವ ಕಾಲವಿದು. ಮನೆಮನೆಯ ಫೋನಿನಲ್ಲಿ ಕ್ಯಾಮರಾ ಇದೆ. ಚಿತ್ರವನ್ನು ಕತ್ತರಿಸಿ ಜೋಡಿಸುವ ಸಾಧನವೂ ಅದರೊಳಗೇ ಇದೆ. ಹೈಸ್ಕೂಲಿನ ಹೆಣ್ಣುಮಕ್ಕಳು ಚಿತ್ರ ತೆಗೆಯುವದು ಈಗ ಅತಿಶಯದ ಸಂಗತಿಯಲ್ಲ. ಚಿತ್ರದ ಬೆನ್ನಿಗೆ ಅದರ ಮುನ್ನೋಟ, ಭಿತ್ತಿಪತ್ರ, ಕರಪತ್ರಗಳೂ ಬರುತ್ತವೆ. ಇವುಗಳನ್ನು ಯೋಜಿಸುವದನ್ನೂ ಮಾಡುವದನ್ನೂ ಅಳೆದು ನೋಡುವದನ್ನೂ ಶಾಲೆಯಲ್ಲಿ ಕಲಿಸತಕ್ಕದ್ದೆಂಬದು ನಮ್ಮ ಅಭಿಪ್ರಾಯ. ಆದರೆ ಕಲಿಸುವದಾದರೆ ಮೊದಲನೆಯ ಪಾಠವೇ ಸತ್ಯದ ಪಾಠವಾಗಿರಬೇಕು.

ಮುನ್ನೋಟಕ್ಕೆ ಇಂಗ್ಲಿಷಿನಲ್ಲಿ ಟ್ರೇಲರು ಎನ್ನುವರು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರನ್ನು ಅರಿಯದ ಒಕ್ಕಲುತನದ ಮನೆಯು ನಮ್ಮಲ್ಲಿ ಇರಲಾರದು. ಶಬ್ದವು ಅದೇ, ಅರ್ಥವೂ ಅದೇ, ಹಿಂದೆ ಬರುವಂಥದು. ಮೊದಮೊದಲು ಇಂಥ ತುಣುಕನ್ನು ಚಿತ್ರವು ಮುಗಿದ ಮೇಲೆ ತೋರಿಸುತ್ತಿದ್ದರು. ೧೯೧೩ರಲ್ಲಿ ನ್ಯೂಯಾರ್ಕಿನ ನಾಟಕಗೃಹಗಳ ಜಾಹೀರಾತನ್ನು ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬವರು ಮುಂದೆ ಬರಲಿದ್ದ ಒಂದು ಸಂಗೀತ ನಾಟಕದ ಬಗ್ಗೆ ಸಣ್ಣ ಚಿತ್ರವನ್ನು ಮಾಡಿ ತೋರಿಸಿದ್ದನ್ನು ಇದರ ಆರಂಭವೆಂದು ಎಣಿಸುವರು. ಆಟ ಮುಗಿದೊಡನೆ ಜನರು ಎದ್ದು ಹೋಗುತ್ತಿದ್ದುದರಿಂದ ಹಿಂದಿನದು ಮುಂದಕ್ಕೆ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಅದೇ ೧೯೧೩ನೆಯ ಇಸವಿಯಲ್ಲಿ ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ವು ಮುಂಬಯಿಯಲ್ಲಿ ತೆರೆ ಕಂಡಿತು. ಸೂರತ್ತಿನಲ್ಲಿ ಈ ಚಿತ್ರಕ್ಕೆ ಜನರು ಬಾರದಿರಲು, ೫೭,೦೦೦ ಛಾಯಾಚಿತ್ರಗಳ, ಎರಡು ಮೈಲು ಉದ್ದದ ಚಿತ್ರವನ್ನು ಮೂರೇ ಆಣೆಗೆ ನೋಡಿರೆಂದು ಸಾರಲಾಯಿತೆಂದು ಚಿತ್ರರಂಗದ ಚರಿತ್ರೆಗಳು ಹೇಳುತ್ತವೆ. ಈ ಸಾರಿಕೆಯನ್ನು ನಮ್ಮ ಹುಡುಗಿಯರು ಲೆಕ್ಕದ ತಾಸಿನಲ್ಲಿ ಪರೀಕ್ಷಿಸಬೇಕೆಂದು ನಾವು ಬಯಸುತ್ತೇವೆ. ಮೂವತ್ತೈದು ಮಿಲಿಮೀಟರಿನ ಪಟ್ಟಿಯಲ್ಲಿ ಒಂದು ಅಡಿಗೆ ೧೬ ಚಿತ್ರಗಳು ಕೂಡುತ್ತವೆ. ೫೭,೦೦೦ನ್ನು ೧೬ರಿಂದ ಭಾಗಿಸಿದರೆ ಸುಮಾರು ೩,೫೬೦ ಅಡಿ. ಒಂದು ಮೈಲಿಗೆ ೫,೨೮೦ ಅಡಿ. ಅಂದರೆ ಪಟ್ಟಿಯ ಉದ್ದವು ಒಂದು ಮೈಲಿನ ಮೂರರಲ್ಲಿ ಎರಡು ಪಾಲು ಮಾತ್ರ. ನಿಜವಾಗಿ ಎರಡು ಮೈಲು ಇದ್ದರೆ ಛಾಯಾಚಿತ್ರಗಳು ೧,೬೮,೦೦೦ಕ್ಕೂ ಮಿಕ್ಕಿ ಇರಬೇಕಾಗಿತ್ತು. ಒಂದೇ ಸಾರಿಕೆಯೊಳಗಿನ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದುವದಿಲ್ಲ! ಫಾಳಕೆಯವರ ಹಿರಿಮೆಯು ಇದರಿಂದ ಕುಂದಲಾರದು. ಆದರೆ ಸತ್ಯಕ್ಕಾಗಿ ರಾಜ್ಯವನ್ನೇ ಬಿಟ್ಟ ಅರಸನ ಕತೆಗೂ ಪ್ರಚಾರವೆಂದ ಕೂಡಲೆ ಮೈಲು ಉದ್ದವಾಯಿತೆಂಬದು ನೆನಪಿನಲ್ಲಿಡತಕ್ಕ ಮಾತು.

ಇಂಥದಕ್ಕೆ ಕಾನೂನು ಏನನ್ನುತ್ತದೆ? ೨೦೧೬ರಲ್ಲಿ ‘ಫ್ಯಾನ್’ ಎಂಬ ಹಿಂದೀ ಚಿತ್ರದ ಮುನ್ನೋಟದಲ್ಲಿ ಒಂದು ಹಾಡನ್ನು ತೋರಿಸಿದ್ದರು. ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯರು ಅದನ್ನು ನಂಬಿ ಮನೆಯವರೊಡನೆ ಚಿತ್ರಕ್ಕೆ ಹೋದರೆ ಆ ಹಾಡು ಅಲ್ಲಿ ಇರಲೇ ಇಲ್ಲ. ಅವರು ಗ್ರಾಹಕರ ನ್ಯಾಯಪೀಠಗಳಿಗೆ ದೂರಿತ್ತರು. ೧೦,೦೦೦ ರೂಪಾಯಿ ಪರಿಹಾರವೂ ೫,೦೦೦ ರೂಪಾಯಿ ಖರ್ಚೂ ಅವರಿಗೆ ಸಲ್ಲಬೇಕೆಂದು ತೀರ್ಪಾಯಿತು. ಆದರೆ ೨೦೨೪ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಮುನ್ನೋಟವು ಟಿಕೇಟು ಕೊಳ್ಳಲು ಹುರಿದುಂಬಿಸುವ ಒಂದು ಕಡೆಯ ಮಾತೇ ಹೊರತು ನೋಡುವವರಿಗೆ ಕೊಟ್ಟ ವಾಗ್ದಾನವಲ್ಲ, ಒಪ್ಪಂದವೂ ಅಲ್ಲವೆಂಬದು ಆ ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಪ್ರತಿಯೊಂದು ನಿರಾಶೆಗೂ ನ್ಯಾಯಾಲಯವು ದಂಡ ಹಾಕುತ್ತ ಕೂಡ್ರಲಾರದು. ಆದರೆ ಕಾನೂನು ಕ್ಷಮಿಸುವದನ್ನೆಲ್ಲ ಶಾಲೆಯೂ ಕ್ಷಮಿಸಬೇಕೆಂದಿಲ್ಲ. ಕೋರ್ಟಿನ ಬಾಗಿಲು ಎಲ್ಲಿ ಮುಚ್ಚುವದೋ ಅಲ್ಲಿಂದಲೇ ಶಾಲೆಯ ಪಾಠವು ಆರಂಭವಾಗತಕ್ಕದ್ದು.

ನಮ್ಮ ಹಳ್ಳಿಗಳ ಹಳೆಯ ರೂಢಿಯಲ್ಲಿ ಈ ಪಾಠವು ಆಗಲೇ ಇತ್ತು. ಡಂಗುರ ಸಾರುವವನು ಅದೇ ಊರಿನವನು. ಹಲಗೆ ಬಾರಿಸಿ ಓಣಿಓಣಿಗೆ ಹೇಳಿದ ಮಾತು ಸುಳ್ಳಾದರೆ ಮರುದಿವಸ ಅದೇ ಓಣಿಯಲ್ಲಿ ತಿರುಗಾಡಿ ಉತ್ತರ ಕೊಡಬೇಕಾದವನೂ ಅವನೇ. ನಾಟಕ ಕಂಪನಿಗಳ ಮಾತೂ ಹಾಗೆಯೇ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಸಂಸ್ಥೆಗಳು ಬಾಳಿದ ಕಾಲದಲ್ಲಿ ಕಂಪನಿಯು ಒಂದೊಂದು ಊರಿನಲ್ಲಿ ಬಹುದಿನ ಬಿಡಾರ ಹೂಡಬೇಕಾಗುತ್ತಿತ್ತು. ಮೊದಲನೆಯ ರಾತ್ರಿಯ ಕರಪತ್ರವು ಹುಸಿಯಾದರೆ ಎರಡನೆಯ ರಾತ್ರಿ ಖುರ್ಚಿಗಳು ಬರಿದಾಗುವವು. ಸಾರುವವರೂ ಕೇಳುವವರೂ ಒಂದೇ ಊರಿನಲ್ಲಿ ಇರುವಾಗ ಮಾತಿಗೆ ತಾನಾಗಿ ಒಂದು ಲಗಾಮು ಇರುತ್ತದೆ. ಫೋನಿನಲ್ಲಿ ಹರಿದು ಬರುವ ಪ್ರಚಾರಕ್ಕೆ ಆ ಲಗಾಮು ಇಲ್ಲ. ಆದರೆ ಶಾಲೆಯ ಹುಡುಗಿಯರು ಮಾಡುವ ಮುನ್ನೋಟಕ್ಕೆ ಅದು ಇದ್ದೇ ಇದೆ. ಅದನ್ನು ನೋಡುವವರು ಅವರ ತಾಯಂದಿರು, ನೆರೆಹೊರೆಯವರು, ಸಂತೆಯಲ್ಲಿ ಸಿಕ್ಕುವವರು. ಈ ಸೌಭಾಗ್ಯವನ್ನು ನಾವು ಕಳೆದುಕೊಳ್ಳಬಾರದು.

“ಸ್ವಲ್ಪ ಹಿಗ್ಗಿಸದಿದ್ದರೆ ಯಾರು ಬಂದಾರು? ಎಲ್ಲವನ್ನೂ ಇದ್ದಂತೆ ಹೇಳಿಬಿಟ್ಟರೆ ನೋಡುವದೇನು ಉಳಿಯಿತು?” ಎಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮ ಅಜ್ಜಿಯರ ಒಗಟುಗಳೇ ಉತ್ತರ. ಒಗಟು ವಸ್ತುವನ್ನು ಮುಚ್ಚಿಡುತ್ತದೆ, ಆದರೆ ಸುಳ್ಳು ಹೇಳುವದಿಲ್ಲ. ಬಿಡಿಸಿದ ಮೇಲೆ ಅದರ ಒಂದೊಂದು ಮಾತೂ ನಿಜವಾಗಿ ನಿಲ್ಲುತ್ತದೆ. ಒಳ್ಳೆಯ ಮುನ್ನೋಟವೂ ಹಾಗೆಯೇ ಇರಬೇಕು. ಕತೆಯ ಕೊನೆಯನ್ನು ಬಚ್ಚಿಡುವದು ಕುಶಲತೆ. ಚಿತ್ರದಲ್ಲಿ ಇಲ್ಲದ್ದನ್ನು ತೋರಿಸುವದು ವಂಚನೆ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸುವೆವು. ಬಾಳೆಹೊಸೂರಿನಿಂದಲೂ ಸುತ್ತಣ ಹಳ್ಳಿಗಳಿಂದಲೂ ಬರುವ ಹುಡುಗಿಯರು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಮೇಲೆ ಹತ್ತು ಮಿನಿಟಿನ ಒಂದು ಚಿತ್ರವನ್ನು ತೆಗೆಯುವರೆಂದು ಇಟ್ಟುಕೊಳ್ಳೋಣ. ಮಧ್ಯ ಏಶಿಯದ ಎತ್ತರದ ಸರೋವರಗಳ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಬಂದಿಳಿಯುವ ಈ ಕೆರೆಗೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆಂಬ ಮನ್ನಣೆಯು ದೊರೆಯಿತು. ಹುಡುಗಿಯರಿಗೆ ಬಿಡುವು ಸಿಕ್ಕುವದು ಬೇಸಿಗೆಯ ರಜೆಯಲ್ಲಿ; ಆಗ ಹೆಬ್ಬಾತುಗಳು ಹಾರಿಹೋಗಿರುತ್ತವೆ. ಅವರ ಚಿತ್ರದಲ್ಲಿ ಇರುವದು ಇಳಿದ ನೀರು, ದಂಡೆಯ ಹೊಲಗಳು, ಹಕ್ಕಿಗಳ ನೆನಪು ಹೇಳುವ ಒಬ್ಬ ಮುದುಕಿ. ಮುನ್ನೋಟಕ್ಕೆ ಮಾತ್ರ ಬೇರೆ ಯಾರೋ ತೆಗೆದ, ಸಾವಿರ ಹಕ್ಕಿಗಳು ಒಮ್ಮೆಲೆ ಮೇಲೇಳುವ ದೃಶ್ಯವನ್ನು ಅಂಟಿಸಿಬಿಡುವ ಮೋಹವು ಬಾರದಿರುವದೆ? ಅಂಟಿಸಿದರೆ ಜನರು ಬರುವರು, ಹೊರಗೆ ಹೋಗುವಾಗ ಮೋಸಹೋದೆವೆನ್ನುವರು. ಅಂಟಿಸದೆ ‘ಹಕ್ಕಿಗಳು ಹೋದ ಮೇಲೆ ಕೆರೆಯು ಏನು ಮಾಡುತ್ತದೆ?’ ಎಂದು ಭಿತ್ತಿಪತ್ರದ ಮೇಲೆ ಬರೆದರೆ ಅದು ನಿಜವೂ ಹೌದು, ಕುತೂಹಲವನ್ನು ಕೆರಳಿಸುವಂಥದೂ ಹೌದು.

ಆದಕಾರಣ ಯೋಜನೆಯು ಕ್ಯಾಮರಾದಿಂದಲ್ಲ, ಕಾಗದದಿಂದ ಆರಂಭವಾಗಬೇಕು. ನಮ್ಮ ಚಿತ್ರವು ಯಾತರ ಬಗ್ಗೆ ಎಂಬದನ್ನು ಹುಡುಗಿಯರು ಒಂದೇ ವಾಕ್ಯದಲ್ಲಿ ಬರೆಯಲಿ. ಯಾರನ್ನು ಕರೆಯುತ್ತೇವೆ, ಅವರಿಗೆ ಹೊಲಮನೆಗಳ ಕೆಲಸದಿಂದ ಯಾವ ಹೊತ್ತಿಗೆ ಬಿಡುವಾಗುವದು ಎಂಬದನ್ನು ವಿಚಾರಿಸಲಿ. ಬಳಿಕ ಮುನ್ನೋಟಕ್ಕೆ ಬೇಕಾದ ಏಳೆಂಟು ದೃಶ್ಯಗಳನ್ನು ಚೌಕದೊಳಗೆ ಚೌಕವಾಗಿ ಬರೆದು, ಒಂದೊಂದರ ಕೆಳಗೆ ಅದು ಮೂಲಚಿತ್ರದ ಎಷ್ಟನೆಯ ಮಿನಿಟಿನಲ್ಲಿ ಇದೆ ಎಂಬದನ್ನು ಗುರುತಿಸಲಿ. ಗುರುತು ಸಿಕ್ಕದ ದೃಶ್ಯವು ಮುನ್ನೋಟದಲ್ಲಿ ಸೇರಬಾರದು. ಹತ್ತು ಮಿನಿಟಿನ ಚಿತ್ರಕ್ಕೆ ಮುಕ್ಕಾಲು ಮಿನಿಟಿನ ಮುನ್ನೋಟವು ಧಾರಾಳವಾಯಿತು.

ಭಿತ್ತಿಪತ್ರದಲ್ಲಿ ಚಿತ್ರದ ಹೆಸರು, ದಿವಸ, ಹೊತ್ತು, ಸ್ಥಳ, ಮಾಡಿದವರ ಹೆಸರುಗಳು ಸ್ಪಷ್ಟವಾಗಿ ಇರಬೇಕು. ಪಂಚಾಯತಿಯ ಗೋಡೆಯ ಮುಂದೆ ನಿಂತ ಹಿರಿಯರು ಕನ್ನಡಕವಿಲ್ಲದೆ ಓದುವಷ್ಟು ಅಕ್ಷರಗಳು ದೊಡ್ಡವಾಗಿರಬೇಕು. ಭಾಷೆಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಹೊಣೆಯಿದೆ. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ಸೀಮೆಯನ್ನು ಹೇಳುವಾಗ ಪುಲಿಗೆರೆಯನ್ನೂ ಎಣಿಸಿದೆ. ಅಂಥ ನೆಲದ ಹುಡುಗಿಯರು ತಮ್ಮ ಊರಿಗೆ ಬರೆಯುವ ಕರೆಯೋಲೆಯಲ್ಲಿ ಕಾಗುಣಿತವು ತಪ್ಪಬಾರದು, ಅರೆಬರೆ ಇಂಗ್ಲಿಷೂ ಬೇಕಾಗಿಲ್ಲ. ಸಂಗೀತಕ್ಕೆ ಸಿನೇಮಾದ ಹಾಡನ್ನು ಕದ್ದು ಹಾಕುವದೂ ಸಲ್ಲದು. ೧೯೫೭ರ ಕೃತಿಸ್ವಾಮ್ಯದ ಕಾಯದೆಯು ಹಾಡನ್ನು ರಕ್ಷಿಸುತ್ತದೆ. ಪಾಠಕ್ಕಾಗಿ ಅದು ಕೊಟ್ಟ ಸಡಿಲಿಕೆಯು ಊರಿಗೆಲ್ಲ ಹಂಚುವ ಪ್ರಚಾರಕ್ಕೂ ಒದಗುವದೆಂದು ತಿಳಿಯಬಾರದು. ಬೀಸುವ ಪದಗಳನ್ನು ಬಲ್ಲ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಅಪ್ಪಣೆ ಪಡೆದು, ಅವರ ಹೆಸರನ್ನು ಹಾಕಿ ಹಾಡಿಸಿದರೆ ಮುನ್ನೋಟಕ್ಕೆ ಸ್ವಂತ ದನಿಯೂ ಬಂದೀತು.

ಇನ್ನು ಪಾಲಕರ ಮನಸ್ಸಿನಲ್ಲಿರುವ ಆತಂಕದ ಮಾತು. ಗೋಡೆಯ ಕಾಗದವನ್ನು ಕಿತ್ತು ಹಾಕಬಹುದು. ಫೋನಿನಿಂದ ಫೋನಿಗೆ ಹೋದ ಮುಖವನ್ನು ಮರಳಿ ಕರೆಯಲಾಗದು. ಮಗಳ ಮುಖವು ಯಾರ ಕೈಗೆ ಸಿಕ್ಕೀತೋ ಎಂದು ಹೆದರುವ ತಾಯಿಯನ್ನು ಹಳೆಯ ಕಾಲದವಳೆಂದು ನಗುವದು ಅನ್ಯಾಯ. ಹುಡುಗಿಯೂ ಆಕೆಯ ಪಾಲಕರೂ ಇಬ್ಬರೂ ಬರೆದು ಒಪ್ಪಿದ ಹೊರತು ಯಾವ ಮುಖವೂ ಪ್ರಚಾರದಲ್ಲಿ ಬರಬಾರದು. ಒಪ್ಪಿದವರು ಮನಸ್ಸು ತಿರುಗಿಸಿದರೆ ಶಾಲೆಯು ಪ್ರಶ್ನೆಯಿಲ್ಲದೆ ತೆಗೆಯಬೇಕು. ಕೈಗಳು, ದನಿ, ಬೆನ್ನು ತಿರುಗಿಸಿ ನಡೆಯುವ ಆಕೃತಿ, ಇವುಗಳಿಂದಲೂ ಸುಂದರವಾದ ಮುನ್ನೋಟವು ಆಗುವದು.

ಆದರೆ ಈ ಹೆದರಿಕೆಯಿಂದ ಹುಡುಗಿಯನ್ನು ಕೆಲಸದಿಂದಲೇ ದೂರವಿಡುವದು ಅದಕ್ಕಿಂತ ದೊಡ್ಡ ಅನ್ಯಾಯ. ಜಾಹೀರಾತಿನ ಲೋಕವು ಹೆಣ್ಣಿನ ಮುಖವನ್ನು ಬೇಡುವಷ್ಟು ಅವಳ ಬುದ್ಧಿಯನ್ನು ಬೇಡಿಲ್ಲ. ಎಂ. ಕೆ. ಇಂದಿರಾ ಅವರು ಬರೆದ ‘ಫಣಿಯಮ್ಮ’ನನ್ನು ೧೯೮೦ರ ದಶಕದ ಆರಂಭದಲ್ಲಿ ಪ್ರೇಮಾ ಕಾರಂತರು ತೆರೆಗೆ ತಂದಾಗ, ಕತೆಯೂ ನಿರ್ದೇಶನವೂ ಹೆಣ್ಣುಮಕ್ಕಳವೇ ಆಗಿದ್ದ ಚಿತ್ರವು ಎಂಥ ಗಾಂಭೀರ್ಯವನ್ನು ಪಡೆಯಬಲ್ಲದೆಂಬದನ್ನು ಕನ್ನಡಿಗರು ಕಂಡರು. ನಮ್ಮ ಶಾಲೆಯ ಭಿತ್ತಿಪತ್ರದ ಮೇಲೆ ಹುಡುಗಿಯ ಮುಖವು ಇಲ್ಲದಿದ್ದರೂ ನಡೆದೀತು; ಯೋಜಿಸಿದವಳು, ಬರೆದವಳು, ಕ್ಯಾಮರಾ ಹಿಡಿದವಳು, ಜೋಡಿಸಿದವಳು ಯಾರೆಂಬದು ಅದರಲ್ಲಿ ಇರಲೇಬೇಕು. ಹೆಸರನ್ನೂ ಹಾಕಬೇಡಿರೆಂದು ಮನೆಯವರು ಕೇಳಿಕೊಂಡರೆ ‘ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿ’ ಎಂದಾದರೂ ಇರಲಿ.

ಕೊನೆಗೆ ಬೆಲೆ ಕಟ್ಟುವ ಮಾತು. ಮುನ್ನೋಟವನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚುಗೆ ಒತ್ತಿದರು ಎಂಬ ಎಣಿಕೆಯು ಸುಲಭವಾದದ್ದು. ಅದರಿಂದ ಕಲಿಯುವದು ಕಡಿಮೆ. ನಮ್ಮ ಸೂಚನೆಯು ಬೇರೆ. ಮುನ್ನೋಟವನ್ನು ತೋರಿಸಿದೊಡನೆ ನೋಡಿದವರಿಗೆ ಒಂದೊಂದು ಚೀಟಿ ಕೊಟ್ಟು, ಚಿತ್ರದಲ್ಲಿ ಏನಿರಬಹುದೆಂದು ಬರೆಸಬೇಕು. ಬರೆಯಲು ಬಾರದವರ ಮಾತನ್ನು ಹುಡುಗಿಯರೇ ಬರೆದುಕೊಳ್ಳಬೇಕು. ಚಿತ್ರವು ಮುಗಿದ ಮೇಲೆ ಇನ್ನೊಂದು ಚೀಟಿಯಲ್ಲಿ ಏನನ್ನು ಕಂಡಿರೆಂದು ಕೇಳಬೇಕು. ಎರಡನ್ನೂ ಮಗ್ಗುಲಲ್ಲಿಟ್ಟು ಓದಿದರೆ ಕೊಟ್ಟ ಮಾತು ಎಲ್ಲಿ ನಡೆಯಿತು, ಎಲ್ಲಿ ತಪ್ಪಿತೆಂಬದು ಯಾರ ಉಪದೇಶವಿಲ್ಲದೆಯೂ ಹುಡುಗಿಯರಿಗೆ ಗೊತ್ತಾಗುವದು. ಗುಣಾಂಕಗಳನ್ನು ಕೊಡುವದಾದರೆ ಮುನ್ನೋಟದ ಥಳಕಿಗಿಂತ ಈ ಹೋಲಿಕೆಯನ್ನು ಅವರು ಎಷ್ಟು ಪ್ರಾಮಾಣಿಕವಾಗಿ ಬರೆದಿಟ್ಟರೆಂಬದಕ್ಕೆ ಹೆಚ್ಚು ಕೊಡಬೇಕು.

ಹತ್ತನೆಯ ಇಯತ್ತೆಯ ಪರೀಕ್ಷೆಯು ತಲೆಯ ಮೇಲಿರುವಾಗ ಇದೆಲ್ಲ ಯಾಕೆಂದು ಕೇಳುವವರೂ ಇದ್ದಾರೆ. ಈ ಕೆಲಸದಲ್ಲಿ ಬರವಣಿಗೆಯಿದೆ, ಲೆಕ್ಕವಿದೆ, ಕಾನೂನಿದೆ, ನಾಲ್ಕು ಜನರೊಡನೆ ಹೊಂದಿಕೊಂಡು ನಡೆಯುವ ಅಭ್ಯಾಸವಿದೆ. ವಿದ್ಯಾರ್ಥಿಗಳ ಚಿತ್ರವೆಂದರೆ ಹಗುರವಾದದ್ದೆಂದು ಎಣಿಸುವವರಿಗೆ ೨೦೨೪ರ ಸಂಗತಿಯೊಂದನ್ನು ನೆನಪಿಸುವೆವು. ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಕಲಿಯುತ್ತಿದ್ದಾಗ ಚಿದಾನಂದ ಎಸ್. ನಾಯ್ಕ ಅವರು ಕೋಳಿಯನ್ನು ಕದ್ದ ಮುದುಕಿಯ ಕನ್ನಡ ಜನಪದ ಕತೆಯನ್ನು ಎತ್ತಿಕೊಂಡು ಮಾಡಿದ ಕಿರುಚಿತ್ರವು, ಜಗತ್ತಿನ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗಾಗಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ನಡೆಯುವ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವನ್ನು ಗಳಿಸಿತು. ಅಜ್ಜಿಯ ಕತೆಯೇ ಅದರ ಬಂಡವಾಳ.

ಇನ್ನೊಂದು ಕಾರಣವೂ ಉಂಟು. ೧೯೩೪ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡ ‘ಸತಿ ಸುಲೋಚನಾ’ವು ಕನ್ನಡದ ಮೊದಲನೆಯ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೆಲವು ಸ್ಥಿರಚಿತ್ರಗಳಂಥ ಅವಶೇಷಗಳಿಂದಲೇ ನಾವು ಅದನ್ನು ಊಹಿಸಿಕೊಳ್ಳಬೇಕಾಗಿದೆ. ಚಿತ್ರವು ಅಳಿದು ಅದರ ಸುತ್ತಣ ಕಾಗದಗಳು ಉಳಿಯುವದುಂಟು. ನಮ್ಮ ಹುಡುಗಿಯರ ಚಿತ್ರಗಳಿಗೂ ಹೀಗಾಗಬಹುದು. ಫೋನು ಕೆಡುವದು, ಕಡತವು ಅಳಿಸಿಹೋಗುವದು, ಶಾಲೆಯ ಕಪಾಟಿನಲ್ಲಿ ಒಂದು ಭಿತ್ತಿಪತ್ರ ಮಾತ್ರ ಇದ್ದೀತು. ಮುಂದಿನವರು ಅದನ್ನು ನೋಡಿ ನಂಬುವದು ನಿಜವಾಗಿರಬೇಡವೆ?

ಆದುದರಿಂದ ಈ ಸಂಚಿಕೆಯನ್ನೋದುವ ಮಾಜಿ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ನಿಮ್ಮಲ್ಲಿ ಮುದ್ರಣವನ್ನು ಬಲ್ಲವರು, ವಕೀಲಿಯನ್ನು ಮಾಡುವವರು, ಹಾಡು ಬಲ್ಲವರು ಇದ್ದೀರಿ. ವರ್ಷಕ್ಕೊಂದು ದಿವಸ ಬಿಡುವು ಮಾಡಿಕೊಂಡು ಬಂದು ಈ ಮಕ್ಕಳ ಕಾಗದದ ಯೋಜನೆಯನ್ನು ನೋಡಿರಿ, ಪ್ರದರ್ಶನದ ದಿವಸ ಚೀಟಿಯಲ್ಲಿ ದಾಕ್ಷಿಣ್ಯವಿಲ್ಲದೆ ಬರೆಯಿರಿ. ಪಾಲಕರು ಒಪ್ಪಿಗೆಯ ಕಾಗದವನ್ನು ಓದದೆ ಸಹಿ ಮಾಡದಿರಲಿ, ಓದದೆ ನಿರಾಕರಿಸದೆಯೂ ಇರಲಿ. ಹುಡುಗಿಯರು ಊರಿಗೆ ಕೊಟ್ಟ ಮಾತನ್ನು ನಡಿಸಲು ಕಲಿಯುವದಕ್ಕೆ ಊರೂ ಅಷ್ಟು ಸಹಾಯ ಮಾಡಲೆಂದು ಹಾರೈಸುತ್ತೇವೆ.