ಪಿಕಪ್ ಗಾಡಿಯ ಹೊಗೆಯೂ ಅದನ್ನು ಕಾಯುವ ಸೆನ್ಸರುಗಳೂ

ಹಿಂದೆ ಗೃಹಸ್ಥನ ಮನೆಯ ಮುಂದೆ ಜೋಡೆತ್ತುಗಳನ್ನು ಕಟ್ಟುತ್ತಿದ್ದ ಸ್ಥಳದಲ್ಲಿ ಈಗ ಅನೇಕರಲ್ಲಿ ಪಿಕಪ್ ಗಾಡಿಯು ನಿಂತಿರುವುದು. ಎತ್ತಿಗೆ ಮೈ ಸರಿಯಿಲ್ಲದಿದ್ದರೆ ಅದು ಮೇವನ್ನು ಬಿಡುತ್ತಿತ್ತು, ತಲೆಯನ್ನು ತಗ್ಗಿಸಿ ನಿಲ್ಲುತ್ತಿತ್ತು. ಮನೆಯ ಮಕ್ಕಳು ಸಹ ಅದನ್ನು ಕಂಡು ಹಿರಿಯರಿಗೆ ತಿಳಿಸುತ್ತಿದ್ದರು. ಗಾಡಿಯು ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಚಾಲಕನ ಮುಂದೆ ಹೊತ್ತಿಕೊಳ್ಳುವ ಒಂದು ಹಳದಿ ದೀಪದ ಮೂಲಕವೇ. ಆ ದೀಪವು ಹೇಳುವುದೇನು, ಅದು ಹೊತ್ತಿಕೊಂಡಾಗ ಗೃಹಸ್ಥನು ಮಾಡತಕ್ಕದ್ದೇನು ಎಂಬುದನ್ನು ಈ ತಿಂಗಳ ವಿಷಯವನ್ನಾಗಿ ತೆಗೆದುಕೊಂಡಿದ್ದೇವೆ. ಗಾಡಿಯ ಬಾಡಿಗೆಯಿಂದಲೇ ಸಂಸಾರ ಸಾಗಿಸುವವರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಇದು ಅಡಿಗೆಮನೆಯ ವಿಚಾರದಷ್ಟೇ ಮನೆಯ ವಿಚಾರವೆಂದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುವೆವು. ನಮ್ಮ ತಮ್ಮನ ಮಗನು ಡೀಸೆಲ್ ಪಿಕಪ್ ಒಂದನ್ನು ಸಾಲದ ಮೇಲೆ ಕೊಂಡು, ಶ್ರೀನಿವಾಸಪುರದ ಕಡೆಯಿಂದ ಬೆಂಗಳೂರಿಗೆ ಮಾವಿನ ಹಣ್ಣನ್ನು ಸಾಗಿಸುತ್ತಿದ್ದನು. ಹಂಗಾಮಿನ ಪ್ರಾರಂಭದಲ್ಲಿಯೇ ಹಳದಿ ದೀಪವು ಹೊತ್ತಿಕೊಂಡಿತು. ನಾವು ಕೇಳಿದಾಗ, "ದೀಪ ಉರಿದರೇನಾಯಿತು ದೊಡ್ಡಪ್ಪ, ಗಾಡಿ ಓಡುತ್ತಿದೆಯಲ್ಲ" ಎಂದನು. ನಾವೂ ಸುಮ್ಮನಾದೆವು. ಮೂರು ವಾರಗಳು ಕಳೆದವು. ಒಂದು ರಾತ್ರಿ, ತುಂಬಿದ ಗಾಡಿಯು ದಾರಿಯಲ್ಲಿ ಇದ್ದಕ್ಕಿದ್ದಂತೆ ಬಲಗುಂದಿ, ಎಷ್ಟು ಒತ್ತಿದರೂ ವೇಗ ಹೆಚ್ಚದೆ, ಸೈಕಲ್ಲಿನವನ ಹಿಂದೆ ಹೋಗುವಂತಾಯಿತು. ಮಂಡಿಯನ್ನು ಸೇರುವಷ್ಟರಲ್ಲಿ ಹರಾಜು ಮುಗಿದು, ಹಣ್ಣು ಬಂದ ಬೆಲೆಗೆ ಹೋಯಿತು.

ಒಂದು ಗ್ಯಾರೇಜಿನವರು ಸೆನ್ಸರು ಕೆಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿ ಹಣ ಪಡೆದರು. ನಾಲ್ಕನೆಯ ದಿನ ದೀಪವು ಮತ್ತೆ ಹೊತ್ತಿತು. ಇನ್ನೊಂದು ಕಡೆ, "ಈ ಫಿಲ್ಟರನ್ನೇ ಕತ್ತರಿಸಿ ತೆಗೆದುಬಿಡುತ್ತೇವೆ, ಕಂಪ್ಯೂಟರಿಗೂ ಅದನ್ನು ಮರೆಸಿಬಿಡುತ್ತೇವೆ, ಮುಂದೆ ತೊಂದರೆಯೇ ಇರದು" ಎಂದರು. ಸಾಲದ ಕಂತು ತಲೆಯ ಮೇಲಿದ್ದುದರಿಂದ ಹುಡುಗನು ಒಪ್ಪಿಯೇ ಬಿಟ್ಟಿದ್ದನು. ಅವನ ಹೆಂಡತಿಯು ಮಾತ್ರ ಒಪ್ಪಲಿಲ್ಲ. ಗಾಡಿ ನಿಲ್ಲುವ ಚಪ್ಪರದ ಪಕ್ಕದ ಕೋಣೆಯಲ್ಲಿಯೇ ಅವರ ನಾಲ್ಕು ವರುಷದ ಮಗಳು ಮಲಗುವುದು. ಆ ಮಗುವಿಗೆ ಉಬ್ಬಸದ ಉಪದ್ರವವುಂಟು. "ಮಗಳ ಕಿಟಕಿಯ ಕೆಳಗೆ ಮಸಿ ಉಗುಳುವ ಗಾಡಿ ನನಗೆ ಬೇಡ" ಎಂದು ಆಕೆ ಹಟ ಹಿಡಿದಳು. ಕಡೆಗೆ ವಯಸ್ಸಾದ ಮೆಕ್ಯಾನಿಕರೊಬ್ಬರು ಗಾಡಿಯ ಕೆಳಗೆ ದೀಪ ಹಿಡಿದು ನೋಡಿ, ಬೆರಳು ಗಾತ್ರದ ರಬ್ಬರು ಕೊಳವೆಯೊಂದನ್ನು ಎಳೆದು ತೋರಿಸಿದರು. ಅದು ಕಾವಿಗೆ ಬಿರುಸಾಗಿ ಸೀಳಿತ್ತು. "ಸ್ವಾಮಿ, ಹಳೆಯ ಸೆನ್ಸರಿಗೆ ಏನೂ ಆಗಿರಲಿಲ್ಲ, ಅದಕ್ಕೆ ಸುದ್ದಿ ತರುವ ಕೊಳವೆ ಹರಿದಿತ್ತು" ಎಂದರು. ಮೂರು ವಾರಗಳ ನಷ್ಟಕ್ಕೆ ಕಾರಣವಾದುದು ಗೇಣುದ್ದದ ಕೊಳವೆ!

ಈ ಸಂಗತಿಯು ಅರ್ಥವಾಗಬೇಕಾದರೆ ಹೊಗೆಯ ವಿಷಯವನ್ನು ಸ್ವಲ್ಪ ತಿಳಿಯತಕ್ಕದ್ದು. ಇಂಜಿನಿನಲ್ಲಿ ಎಣ್ಣೆಯು ಪೂರ್ತಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವೂ, ಉರಿಯದೆ ಉಳಿದ ಎಣ್ಣೆಯ ಆವಿಯೂ, ಮಸಿಯೂ ಹೊರಬರುವುವು. ಬೆಂಕಿಯ ಕಾವು ಬಹಳ ಹೆಚ್ಚಾದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುವುವು. ಇವು ಶ್ವಾಸನಾಳವನ್ನು ಕೆರಳಿಸತಕ್ಕವು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಅರ್ಬುದ ರೋಗವನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು ೨೦೧೨ರಲ್ಲಿ ನಿರ್ಣಯಿಸಿತು. ನಮ್ಮ ದೇಶದಲ್ಲಿ ೨೦೨೦ನೆಯ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರು ಎಂಬ ಕಟ್ಟಳೆಯು ಜಾರಿಗೆ ಬಂದಿತು. ಅದರೊಡನೆ ಎಣ್ಣೆಯಲ್ಲಿರುವ ಗಂಧಕದ ಮಿತಿಯು ಹತ್ತು ಲಕ್ಷ ಭಾಗಕ್ಕೆ ೫೦ರಿಂದ ೧೦ ಭಾಗಕ್ಕೆ ಇಳಿಯಿತು. ಈ ಕಟ್ಟಳೆಗೆ ಹೊಂದುವಂತೆ ಮಾಡಿದ ಗಾಡಿಗಳಲ್ಲಿಯೇ ನಾವು ಮುಂದೆ ಹೇಳುವ ಸೆನ್ಸರುಗಳು ಹೆಚ್ಚಾಗಿರುವುವು. ಪ್ರತಿಯೊಂದು ಗಾಡಿಯಲ್ಲಿಯೂ ಎಲ್ಲವೂ ಇರುವುದೆಂದು ತಿಳಿಯಬಾರದು. ನಿಮ್ಮ ಗಾಡಿಯೊಡನೆ ಬಂದ ಕೈಪಿಡಿಯೇ ಇದಕ್ಕೆ ಪ್ರಮಾಣ.

ಮೊದಲನೆಯದು ಆಮ್ಲಜನಕದ ಸೆನ್ಸರು. ಇದನ್ನು ಜರ್ಮನಿಯ ಬಾಷ್ ಸಂಸ್ಥೆಯವರು ೧೯೭೬ರಲ್ಲಿ ಬಳಕೆಗೆ ತಂದರು. ಹೊಗೆಯ ಕೊಳವೆಯಲ್ಲಿ ಸಿಕ್ಕಿಸಿರುವ ಇದರೊಳಗೆ ಜಿರ್ಕೋನಿಯ ಎಂಬ ಪಿಂಗಾಣಿಯಂಥ ವಸ್ತುವುಂಟು. ಅದು ಚೆನ್ನಾಗಿ ಕಾದಾಗ, ಒಂದು ಮಗ್ಗುಲಿನ ಹೊಗೆಯಲ್ಲಿಯೂ ಇನ್ನೊಂದು ಮಗ್ಗುಲಿನ ಹೊರಗಾಳಿಯಲ್ಲಿಯೂ ಇರುವ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಸ್ವಲ್ಪ ವಿದ್ಯುತ್ತನ್ನು ಹುಟ್ಟಿಸುವುದು. ಪೆಟ್ರೋಲ್ ಗಾಡಿಯಲ್ಲಿ ಎಣ್ಣೆ ಹೆಚ್ಚಾದರೆ ಸುಮಾರು ೦.೯ ವೋಲ್ಟು, ಗಾಳಿ ಹೆಚ್ಚಾದರೆ ಸುಮಾರು ೦.೧ ವೋಲ್ಟು. ಒಂದು ತೂಕ ಪೆಟ್ರೋಲಿಗೆ ಸುಮಾರು ೧೪.೭ ತೂಕ ಗಾಳಿಯೆಂಬುದು ಸರಿಯಾದ ಹದ. ಅಡಿಗೆಯವನು ರುಚಿ ನೋಡಿ ಉಪ್ಪು ಹಾಕುವಂತೆ, ಗಾಡಿಯ ಕಂಪ್ಯೂಟರು ಈ ಸೆನ್ಸರಿನ ಮಾತನ್ನು ಕೇಳಿ ಎಣ್ಣೆಯನ್ನು ಹದಗೊಳಿಸುವುದು. ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೊಂದು, ಹಿಂದೊಂದು ಹೀಗೆ ಎರಡಿರುವುವು. ಹಿಂದಿನದು ಕನ್ವರ್ಟರಿನ ಕೆಲಸವನ್ನು ಪರೀಕ್ಷಿಸತಕ್ಕದ್ದು.

ಎರಡನೆಯದು ಗಾಳಿಯನ್ನು ಅಳೆಯುವ ಸೆನ್ಸರು. ಇದು ಗಾಳಿಯ ಫಿಲ್ಟರಿನ ಹಿಂದೆ ಇರುವುದು. ಫಿಲ್ಟರು ಹರಿದು ಧೂಳು ಇದರ ಮೇಲೆ ಕುಳಿತರೆ ಲೆಕ್ಕವು ತಪ್ಪುವುದು.

ಮೂರನೆಯದು ಡೀಸೆಲ್ ಗಾಡಿಗಳಲ್ಲಿ ಮಸಿಯ ಫಿಲ್ಟರಿನ ಒತ್ತಡವನ್ನು ಅಳೆಯುವುದು. ಪಿಂಗಾಣಿಯ ಸಣ್ಣ ಸಣ್ಣ ಗೂಡುಗಳಿರುವ ಈ ಫಿಲ್ಟರು ಮಸಿಯನ್ನು ಹಿಡಿದಿಟ್ಟುಕೊಳ್ಳುವುದು. ಮಸಿ ತುಂಬಿದಷ್ಟೂ ಹೊಗೆ ದಾಟುವುದು ಕಷ್ಟವಾಗಿ, ಫಿಲ್ಟರಿನ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಅಂತರ ಹೆಚ್ಚುವುದು. ಆ ಅಂತರವನ್ನು ಸೆನ್ಸರು ಸಣ್ಣ ಕೊಳವೆಗಳ ಮೂಲಕ ತಿಳಿದುಕೊಳ್ಳುವುದು. ಆಗ ಕಂಪ್ಯೂಟರು ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು ೬೦೦ ಡಿಗ್ರಿಗೆ ಕಾಯಿಸಿ, ಮಸಿಯನ್ನು ಸುಟ್ಟು ಬೂದಿಮಾಡುವುದು. ಆ ಕಾವನ್ನು ನೋಡಿಕೊಳ್ಳುವುದಕ್ಕೆ ಉಷ್ಣಮಾಪಕ ಸೆನ್ಸರುಗಳು ಬೇರೆ ಉಂಟು. ನಮ್ಮ ಹುಡುಗನ ಗಾಡಿಯಲ್ಲಿ ಕೊಳವೆ ಸೀಳಿದ್ದರಿಂದ ಸುಳ್ಳು ಲೆಕ್ಕ ಬಂದಿತು. ಕಂಪ್ಯೂಟರು ಅದನ್ನು ನಂಬದೆ ದೀಪ ಹೊತ್ತಿಸಿ, ಮಸಿ ಸುಡುವುದನ್ನು ನಿಲ್ಲಿಸಿತು. ಮೂರು ವಾರಗಳಲ್ಲಿ ಫಿಲ್ಟರು ಕಟ್ಟಿಕೊಂಡಿತು. ಇಂಜಿನನ್ನು ಕಾಪಾಡುವುದಕ್ಕಾಗಿ ಬಲವನ್ನು ತಗ್ಗಿಸಿತು. ದೀಪ ಹೊತ್ತಿದ ವಾರದಲ್ಲಿಯೇ ನೋಡಿಸಿದ್ದರೆ ಕೊಳವೆಯ ಬೆಲೆಯಲ್ಲಿ ಎಲ್ಲವೂ ಮುಗಿಯುತ್ತಿತ್ತು.

ನಾಲ್ಕನೆಯದು ನೈಟ್ರೋಜನ್ ಆಕ್ಸೈಡಿನ ಸೆನ್ಸರು. ಕೆಲವು ಡೀಸೆಲ್ ಗಾಡಿಗಳಲ್ಲಿ ಈ ವಾಯುವನ್ನು ನಿರಪಾಯವಾಗಿ ಮಾಡುವುದಕ್ಕೆ ಯೂರಿಯಾ ದ್ರವವನ್ನು ಹೊಗೆಯೊಳಗೆ ಸಿಂಪಡಿಸುವರು. ಇದಕ್ಕೆ ಬೇರೆ ತೊಟ್ಟಿಯುಂಟು. ಈ ದ್ರವವು ನೂರಕ್ಕೆ ೩೨.೫ ಭಾಗ ಶುದ್ಧ ಯೂರಿಯಾ, ಉಳಿದುದು ಲವಣರಹಿತವಾದ ನೀರು. ಹೊಲಕ್ಕೆ ಹಾಕುವ ಯೂರಿಯಾವನ್ನು ಬಾವಿಯ ನೀರಿನಲ್ಲಿ ಕದಡಿ ಹಾಕುವ ಜಾಣರು ಇದ್ದಾರೆಂದು ಕೇಳಿದ್ದೇವೆ. ಗೊಬ್ಬರದ ಕಲ್ಮಷವೂ ನೀರಿನ ಸುಣ್ಣವೂ ಸೇರಿ ಸಿಂಪಡಿಸುವ ಮೂತಿಯನ್ನು ಕಟ್ಟಿಬಿಡುವುವು, ಶುದ್ಧಿಮಾಡುವ ಭಾಗವನ್ನೂ ಕೆಡಿಸುವುವು. ಉಳಿಸಿದ ಹಣಕ್ಕಿಂತ ಹಲವು ಪಾಲು ನಷ್ಟ. ಈ ದ್ರವವನ್ನು ಮರೆತು ಡೀಸೆಲ್ ತೊಟ್ಟಿಗೆ ಹಾಕಿದರೆ ಇಂಜಿನನ್ನು ಹೊರಡಿಸಲೇ ಕೂಡದು.

ಇನ್ನು ದೀಪದ ವಿಷಯ. ದೀಪ ಹೊತ್ತಿದಾಗ ಕಂಪ್ಯೂಟರು ತನ್ನ ನೆನಪಿನಲ್ಲಿ ಒಂದು ಸಂಖ್ಯೆಯನ್ನು ಬರೆದಿಡುವುದು. ಚಾಲಕನ ಮುಂದಿನ ಹಲಗೆಯ ಕೆಳಗೆ ಇರುವ ೧೬ ಕಡ್ಡಿಗಳ ಜೋಡಣೆಗೆ ಸ್ಕ್ಯಾನರು ಯಂತ್ರವನ್ನು ಹಾಕಿದರೆ ಆ ಸಂಖ್ಯೆಯು ತಿಳಿಯುವುದು. ವಾಚಕರು ಒಂದು ಮಾತನ್ನು ನೆನಪಿಡತಕ್ಕದ್ದು: ಆ ಸಂಖ್ಯೆಯು ದೋಷವು ಯಾವ ಕೇರಿಯಲ್ಲಿದೆಯೆಂಬುದನ್ನು ಹೇಳುವುದೇ ಹೊರತು ಕಳ್ಳನ ಹೆಸರನ್ನು ಹೇಳುವುದಿಲ್ಲ. ಪಿ ೦೪೨೦ ಎಂದರೆ ಕನ್ವರ್ಟರು ತಕ್ಕಷ್ಟು ಶುದ್ಧಿಮಾಡುತ್ತಿಲ್ಲವೆಂದು ಅರ್ಥ. ಆದರೆ ಹೊಗೆಯ ಕೊಳವೆಯ ಜೋಡಣೆಯಲ್ಲಿ ಸೋರಿಕೆಯಿದ್ದರೂ ಇದು ಬರಬಹುದು. ಪಿ ೦೪೦೧ ಎಂದರೆ ಹೊಗೆಯ ಒಂದು ಪಾಲನ್ನು ಇಂಜಿನಿಗೆ ಹಿಂದಿರುಗಿಸುವ ದಾರಿಯಲ್ಲಿ ಹರಿವು ಸಾಲದೆಂದು. ಇಲ್ಲಿ ಹೆಚ್ಚಾಗಿ ಕವಾಟಕ್ಕೆ ಮಸಿ ಹತ್ತಿರುವುದು. ಪಿ ೨೪೬೩ ಎಂದರೆ ಫಿಲ್ಟರಿನಲ್ಲಿ ಮಸಿ ಹೆಚ್ಚಿದೆಯೆಂದು. ಆದುದರಿಂದ "ಸಂಖ್ಯೆ ಬಂದಿತು, ಸೆನ್ಸರು ಬದಲಿಸೋಣ" ಎನ್ನುವವರನ್ನು, "ತಂತಿ, ಫ್ಯೂಸು, ಕೊಳವೆ, ಸೋರಿಕೆ ಇವುಗಳನ್ನು ನೋಡಿದಿರಾ?" ಎಂದು ವಿನಯದಿಂದ ಕೇಳಿರಿ. ಸಂಖ್ಯೆಯನ್ನು ಅಳಿಸುವುದಕ್ಕೆ ಮೊದಲು ಅದನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಿರಿ. ಬ್ಯಾಟರಿಯ ತಂತಿಯನ್ನು ಬಿಚ್ಚಿ ದೀಪವನ್ನು ಆರಿಸುವುದು, ಜ್ವರ ಬಂದವನ ಕೈಯಿಂದ ಉಷ್ಣಮಾಪಕವನ್ನು ಕಿತ್ತುಕೊಂಡಂತೆ. ಪೆಟ್ರೋಲ್ ಗಾಡಿಯಲ್ಲಿ ದೀಪವು ಮಿನುಗುತ್ತಿದ್ದರೆ ಉರಿಯದ ಎಣ್ಣೆಯು ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರುವುದೆಂದು ತಿಳಿದು ಗಾಡಿಯನ್ನು ಕೂಡಲೇ ನಿಲ್ಲಿಸತಕ್ಕದ್ದು.

ಗೃಹಸ್ಥನು ತಾನೇ ಮಾಡಬಹುದಾದ ಪೋಷಣೆಯನ್ನು ಈಗ ಹೇಳುವೆವು. ತಿಂಗಳಿಗೊಮ್ಮೆ, ಇಂಜಿನು ತಣ್ಣಗಿರುವಾಗ, ಸೆನ್ಸರುಗಳ ತಂತಿಗಳನ್ನು ಕಣ್ಣಿಟ್ಟು ನೋಡಿರಿ. ಹಳ್ಳಿಯ ಮನೆಗಳಲ್ಲಿ ಇಲಿಯೇ ಮೊದಲ ಶತ್ರು. ಗಾಡಿಯ ಕೆಳಗೆ ಕಾಳುಕಡ್ಡಿ ಚೆಲ್ಲದಂತೆ ಗುಡಿಸಿರಿ. ಗಾಡಿ ತೊಳೆಯುವಾಗ ರಭಸದ ನೀರನ್ನು ತಂತಿಯ ಜೋಡಣೆಗಳ ಮೇಲೆ ಬಿಡಬೇಡಿರಿ. ಒತ್ತಡದ ಕೊಳವೆಗಳನ್ನು ಮೆಲ್ಲಗೆ ಬಗ್ಗಿಸಿ ಸೀಳು ಬಿಟ್ಟಿದೆಯೇ ಎಂದು ನೋಡಿರಿ. ಗಾಳಿಯ ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸಿರಿ. ಇಂಜಿನಿಗೆ ಕೈಪಿಡಿಯಲ್ಲಿ ಹೇಳಿದ ಕಡಮೆ ಬೂದಿಯ ಎಣ್ಣೆಯನ್ನೇ ಹಾಕಿಸಿರಿ. ಮಸಿಯನ್ನು ಸುಡಬಹುದು, ಎಣ್ಣೆಯ ಬೂದಿಯನ್ನು ಸುಡಲಾಗದು, ಅದು ಫಿಲ್ಟರಿನಲ್ಲಿಯೇ ಉಳಿಯುವುದು. ಆಮ್ಲಜನಕದ ಸೆನ್ಸರನ್ನು ಬಿಚ್ಚಿದರೆ ಅದರ ತುದಿಯನ್ನು ಪೆಟ್ರೋಲಿನಿಂದ ತೊಳೆಯುವುದಾಗಲಿ, ತಂತಿಯ ಬ್ರಷ್ಷಿನಿಂದ ಉಜ್ಜುವುದಾಗಲಿ ಕೂಡದು. ಅದರ ಸಮೀಪದಲ್ಲಿ ಸಾಮಾನ್ಯ ಸಿಲಿಕೋನ್ ಅಂಟನ್ನು ಬಳಸಿದರೆ ಅದರ ಆವಿಯೇ ಸೆನ್ಸರನ್ನು ಕೆಡಿಸಬಲ್ಲುದು.

ಊರೊಳಗೆ ಗಳಿಗೆಗೊಮ್ಮೆ ನಿಂತು ಹೋಗುವ ಗಾಡಿಯಲ್ಲಿ ಮಸಿ ಸುಡುವಷ್ಟು ಕಾವು ಬರುವುದಿಲ್ಲ. ಅಂಥವರು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಿಂದ ಓಡಿಸುವುದು ಒಳ್ಳೆಯದು. ಮಸಿಯ ಫಿಲ್ಟರಿನ ದೀಪವು ಹೊತ್ತಿದಾಗಲೂ ಕೈಪಿಡಿಯು ಹೇಳಿದಂತೆ ಹೀಗೆಯೇ ಮಾಡತಕ್ಕದ್ದು. ನಡುವೆ ಇಂಜಿನನ್ನು ಆರಿಸಬಾರದು. ಆ ಹೊತ್ತಿನಲ್ಲಿ ಹೊಗೆಯ ಕೊಳವೆಯು ಬಹಳ ಕಾದಿರುವುದರಿಂದ ಒಣಹುಲ್ಲು, ರಾಗಿಯ ಮೆದೆ ಇವುಗಳ ಬಳಿ ಗಾಡಿಯನ್ನು ನಿಲ್ಲಿಸಲೇಬಾರದು. ಮುಚ್ಚಿದ ಕೊಟ್ಟಿಗೆಯೊಳಗೆ ಇಂಜಿನನ್ನು ಓಡಬಿಡುವುದು ಎಷ್ಟು ಒಳ್ಳೆಯ ಗಾಡಿಯಾದರೂ ಪ್ರಾಣಾಪಾಯಕರ.

ಕಡೆಯದಾಗಿ, ಫಿಲ್ಟರನ್ನು ಕಿತ್ತುಹಾಕಿಸುವ ವಿಚಾರ. "ಹೊಗೆಯ ಪರೀಕ್ಷೆಯಲ್ಲಿ ಹೇಗೋ ದಾಟುವುದು" ಎಂದು ಕೆಲವರು ಧೈರ್ಯ ಹೇಳುವುದುಂಟು. ಡೀಸೆಲ್ ಗಾಡಿಯ ಆ ಪರೀಕ್ಷೆಯು ಹೊಗೆಯ ಕಪ್ಪನ್ನು ಅಳೆಯುವುದು. ನೈಟ್ರೋಜನ್ ಆಕ್ಸೈಡುಗಳು ಅದಕ್ಕೆ ಕಾಣವು. ಚೀಟಿ ದೊರೆತ ಮಾತ್ರಕ್ಕೆ ಗಾಳಿಯು ಶುದ್ಧವಾಯಿತೆಂದಲ್ಲ. ತಯಾರಕನು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವುದು ೧೯೮೮ರ ಮೋಟಾರು ವಾಹನಗಳ ಕಾನೂನಿಗೆ ವಿರುದ್ಧ. ೨೦೧೯ರ ತಿದ್ದುಪಡಿಯಂತೆ ವಾಯುಮಾಲಿನ್ಯದ ಕಟ್ಟಳೆಯನ್ನು ಮೀರಿದವನಿಗೆ ಮೊದಲ ಸಲಕ್ಕೆ ೧೦,೦೦೦ ರೂಪಾಯಿಯವರೆಗೆ ದಂಡವನ್ನಾಗಲಿ, ೩ ತಿಂಗಳವರೆಗೆ ಸೆರೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. ಆದರೆ ದಂಡಕ್ಕೆ ಹೆದರಿ ಮಾಡುವುದಕ್ಕಿಂತ ತಿಳಿದು ಮಾಡುವುದು ಗೃಹಸ್ಥನಿಗೆ ಶೋಭೆ. ಆ ಹೊಗೆಯನ್ನು ಮೊದಲು ಕುಡಿಯುವವರು ಗಾಡಿಯ ಒಡೆಯನ ಮನೆಯವರೇ.

ನಮ್ಮ ಹುಡುಗನು ಈಗ ಗಾಡಿಯಲ್ಲಿ ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ಎಣ್ಣೆ ಬದಲಿಸಿದ ದಿನ, ದೀಪ ಹೊತ್ತಿದ ದಿನ, ಸಂಖ್ಯೆ, ಮಾಡಿಸಿದ ಕೆಲಸ, ಕೊಟ್ಟ ಹಣ ಎಲ್ಲವೂ ಅದರಲ್ಲಿರುವುವು. ಬರೆಯುವವಳು ಅವನ ಹೆಂಡತಿ. ಗಾಡಿಯು ನಿಲ್ಲುವ ಜಾಗವನ್ನೂ ಆಕೆಯೇ ಬದಲಿಸಿ, ಕಿಟಕಿಯಿಂದ ದೂರ, ಹುಣಿಸೆಮರದ ಆಚೆಗೆ ಮಾಡಿಸಿದ್ದಾಳೆ. ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಪುಸ್ತಕವೊಂದು ಈ ತಿಂಗಳಿನಿಂದಲೇ ಪ್ರಾರಂಭವಾಗಲಿ ಎಂದು ಹಾರೈಸುತ್ತೇವೆ.